ಮಾತ್ರೆಯ ಚಟಕ್ಕೂ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಅಫೀಮು ಜಾತಿಯ ಔಷಧಗಳ ವ್ಯಸನಕ್ಕೆ ತಾಲ್ಲೂಕು ಮಟ್ಟದಲ್ಲಿ ಚಿಕಿತ್ಸೆ ಒದಗಿಸುವ ಕುರಿತು.

ಮಾನ್ಯರೇ,

ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು ನಾನು. ಸೇವೆಯ ಕೊನೆಯ ವರ್ಷಗಳ ಬಹುಪಾಲು ಡ್ರೆಸ್ಸಿಂಗ್ ಕೋಣೆಯಲ್ಲಿ ಮತ್ತು ತುರ್ತು ಚಿಕಿತ್ಸಾ ವಿಭಾಗದ ರಾತ್ರಿ ಪಾಳಿಯಲ್ಲಿ ಕಳೆಯಿತು. ಅಲ್ಲಿ ಕಂಡದ್ದನ್ನು ಸೇವೆಯಲ್ಲಿದ್ದಾಗ ಬಹಿರಂಗವಾಗಿ ಬರೆಯಲು ನಿಯಮ ಅಡ್ಡ ಬರುತ್ತಿತ್ತು. ಈಗ ಆ ಅಡ್ಡಿಯಿಲ್ಲ. ಯಾವ ಆಸ್ಪತ್ರೆಯ ಹೆಸರನ್ನೂ ಯಾವ ವೈದ್ಯರ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ಒಂದು ಊರಿನವರನ್ನು ಕರೆದು ಗದರಿಸಿ ಮುಗಿಸುವ ವಿಷಯ ಇದಲ್ಲ.

ಗಾಂಜಾ, ಸಾರಾಯಿಗಳ ಬಗ್ಗೆ ಈ ಪತ್ರದಲ್ಲಿ ಹೇಳುತ್ತಿಲ್ಲ. ಹೆರಾಯಿನ್, ಟ್ರಮಡಾಲ್ ಮತ್ತು ಟಪೆಂಟಡಾಲ್ ಎಂಬ ನೋವಿನ ಮಾತ್ರೆಗಳು ಮುಂತಾದ ಅಫೀಮು ಜಾತಿಯ ವಸ್ತುಗಳಿಗೆ ಸಿಕ್ಕಿಬಿದ್ದವರ ಬಗ್ಗೆ ಹೇಳುತ್ತಿದ್ದೇನೆ. ಈ ಕಾಯಿಲೆಗೆ ಔಷಧವಿದೆ. ಅದನ್ನು ಕೊಡಲು ಕಾನೂನಿನ ಒಪ್ಪಿಗೆಯೂ ಇದೆ. ಆದರೂ ರೋಗಿ ನಮ್ಮ ಬಾಗಿಲಿಗೆ ಬಂದರೆ ಅವನ ಕಿವಿಗೆ ಬೀಳುವ ಮೊದಲ ಮಾತು, ‘ಮೊದಲು ಬಿಟ್ಟು ಬಾ, ಆಮೇಲೆ ನೋಡೋಣ.’ ಬಿಡಲಾಗದಿರುವುದೇ ಅವನ ಕಾಯಿಲೆ. ಅದು ವಾಸಿಯಾದ ಮೇಲೆ ಬಾ ಎಂದು ಹೇಳಿ ಕಳುಹಿಸುವ ಆಸ್ಪತ್ರೆ ಬೇರೆ ಯಾವ ರೋಗಕ್ಕೂ ಇಲ್ಲ. ನನ್ನ ದೂರು ಇದೇ.

ಡ್ರೆಸ್ಸಿಂಗ್ ಕೋಣೆಗೆ ಬರುವ ಈ ಹುಡುಗರು ಸುಲಭಕ್ಕೆ ತೋಳು ತೋರಿಸುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿ. ಏನಾಯಿತೆಂದರೆ ಬೈಕಿನಿಂದ ಬಿದ್ದೆ ಎನ್ನುತ್ತಾರೆ. ತೋಳು ಮಡಚಿಸಿದರೆ ಮೊಣಕೈಯ ಒಳಮೈಯಲ್ಲಿ ಕೀವು ತುಂಬಿದ ಬಾವು, ಸುತ್ತ ಕೆಂಪಗೆ ಬಿಸಿಯಾದ ಚರ್ಮ. ರಕ್ತ ತೆಗೆಯಲು ಹೋದರೆ ನರ ಸಿಗುವುದಿಲ್ಲ. ನುಂಗಲೆಂದು ಮಾಡಿದ ಮಾತ್ರೆಯನ್ನು ಅರೆದು, ನೀರಿನ ಬಾಟಲಿಯ ಮುಚ್ಚಳದಲ್ಲಿ ಕದಡಿ, ಸೂಜಿಯಲ್ಲಿ ಚುಚ್ಚಿಕೊಂಡದ್ದರ ಫಲ ಅದು. ಮಾತ್ರೆಗೆ ಆಕಾರ ಕೊಡಲು ಬೆರೆಸಿರುವ ಪಿಷ್ಟ, ಟಾಲ್ಕ್ ಮೊದಲಾದವು ರಕ್ತದಲ್ಲಿ ಕರಗುವುದಿಲ್ಲ. ರಕ್ತನಾಳದಲ್ಲಿ ಸಿಕ್ಕಿಕೊಂಡು ಅದನ್ನೇ ಮುಚ್ಚಿಬಿಡುತ್ತವೆ.

ಅವರಲ್ಲಿ ಒಬ್ಬ ಗಾರೆ ಕೆಲಸದವನು. ಸಿಮೆಂಟ್ ಮೂಟೆ ಹೊತ್ತು ಸೊಂಟ ಹಿಡಿದುಕೊಂಡಾಗ ಜೊತೆಯವನೊಬ್ಬ ಮಾತ್ರೆ ಕೊಟ್ಟನಂತೆ. ನೋವು ಹೋಯಿತು, ದಣಿವೂ ಹೋಯಿತು. ಒಂದು ಎರಡಾಯಿತು, ಎರಡು ಒಂದು ಪಟ್ಟಿಯಾಯಿತು, ಆಮೇಲೆ ಸೂಜಿ. ಗಾಯ ತೊಳೆಯುತ್ತಿದ್ದಾಗ ಅವನು ಹೇಳಿದ್ದು ನನಗೆ ಈಗಲೂ ನೆನಪಿದೆ: ‘ಸಿಸ್ಟರ್, ಈಗ ಖುಷಿಗೆ ತೆಗೆದುಕೊಳ್ಳುತ್ತಿಲ್ಲ. ಬೆಳಿಗ್ಗೆ ಎದ್ದು ನಿಲ್ಲುವುದಕ್ಕೇ ಅದು ಬೇಕು.’ ಮಾತ್ರೆ ತಪ್ಪಿದ ಎಂಟು ಹತ್ತು ಗಂಟೆಗಳಲ್ಲಿ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು ಶುರುವಾಗುತ್ತದೆ. ಮೈಮೇಲೆ ಮುಳ್ಳು ಏಳುತ್ತದೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ, ಕಾಲಿನ ಮೂಳೆಯೊಳಗೆ ಸೆಳೆತ ಹಿಡಿಯುತ್ತದೆ. ನಿದ್ದೆಯಂತೂ ದೂರದ ಮಾತು. ಇದೆಲ್ಲ ನಾಟಕ ಎಂದು ನಂಬಿರುವವರು ಒಂದು ರಾತ್ರಿ ಆ ಹಾಸಿಗೆಯ ಪಕ್ಕ ನಿಂತು ನೋಡಬೇಕು.

ಅಂಥವನಿಗೆ ನಮ್ಮಲ್ಲಿ ಸಿಗುವ ಉಪಚಾರವನ್ನೂ ಹೇಳುತ್ತೇನೆ. ಹೊರರೋಗಿ ಚೀಟಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೆಂಪು ಶಾಯಿಯಲ್ಲಿ ‘ಡ್ರಗ್ ಅಡಿಕ್ಟ್’ ಎಂದು ಬರೆದದ್ದನ್ನು ಕಂಡಿದ್ದೇನೆ. ಸರದಿಯಲ್ಲಿ ಕೊನೆಗೆ ಕೂರಿಸಿದ್ದನ್ನು ಕಂಡಿದ್ದೇನೆ. ‘ಸೂಜಿ ಇವನಿಗೆ ಅಭ್ಯಾಸ ತಾನೇ’ ಎಂದು ಮರಗಟ್ಟಿಸುವ ಇಂಜೆಕ್ಷನ್ ಕೊಡದೆಯೇ ಬಾವು ಕೊಯ್ದದ್ದನ್ನೂ ಕಂಡಿದ್ದೇನೆ. ಕುಡಿದು ಬಿದ್ದವನಿಗೆ ನಮ್ಮ ಊರುಗಳಲ್ಲಿ ಇನ್ನೂ ಸ್ವಲ್ಪ ಕನಿಕರ ಉಳಿದಿದೆ. ಅವನಿಗಾಗಿ ಊರವರೇ ಸೇರಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಬಿಟ್ಟವನಿಗೆ ಹಾರ ಹಾಕುತ್ತಾರೆ. ಮಾತ್ರೆಯ ಹುಡುಗನಿಗೆ ಆ ಕನಿಕರವೂ ಇಲ್ಲ. ಇನ್ನು ಹೆಣ್ಣುಮಕ್ಕಳು ಆ ಕೋಣೆಗೆ ಬರುತ್ತಲೇ ಇರಲಿಲ್ಲ. ಬಂದರೆ ಸಂಸಾರವೇ ಮುರಿಯುತ್ತದೆಂಬ ಭಯದಿಂದ ಬರುತ್ತಿರಲಿಲ್ಲವೇ ಹೊರತು, ಅವರಲ್ಲಿ ಈ ಕಾಯಿಲೆ ಇಲ್ಲವೆಂದಲ್ಲ.

ಇದು ಒಂದೆರಡು ಊರಿನ ಕಥೆಯಲ್ಲ ಎಂಬುದು ತಮಗೂ ತಿಳಿದಿದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ಜಾತಿಯ ವಸ್ತುಗಳನ್ನು ಬಳಸುತ್ತಾರೆ. ಸೂಜಿಯಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಅಡಿಗೆ ತಂದರು. ನಾನು ಕಂಡಂತೆ, ಅದನ್ನು ನುಂಗುತ್ತಿದ್ದವರು ಟಪೆಂಟಡಾಲಿಗೆ ಹೊರಳಿದರು. ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಸೇರಿಸಿದ ಮಾತ್ರೆಗಳ ತಯಾರಿಕೆ, ರಫ್ತುಗಳ ಅನುಮತಿಯನ್ನು ಕೇಂದ್ರ 2025ರ ಫೆಬ್ರವರಿಯಲ್ಲಿ ಹಿಂತೆಗೆದುಕೊಂಡಿತು. ಒಳ್ಳೆಯದೇ ಆಯಿತು. ಆದರೆ ಒಂದು ಮಾತ್ರೆಯನ್ನು ಅಂಗಡಿಯಿಂದ ತೆಗೆದ ಮಾತ್ರಕ್ಕೆ ಅದಕ್ಕೆ ಒಗ್ಗಿಹೋದ ದೇಹ ಸರಿಯಾಗುವುದಿಲ್ಲ. ಮರುದಿನ ಬೆಳಿಗ್ಗೆ ಆ ದೇಹ ಇನ್ನೊಂದನ್ನು ಹುಡುಕಿಕೊಂಡು ಹೊರಡುತ್ತದೆ. ಆ ಬೆಳಿಗ್ಗೆ ಅವನು ಆಸ್ಪತ್ರೆಗೆ ಬರುವಂತಾಗಬೇಕು.

ಬಂದರೆ ಕೊಡಲು ನಮ್ಮ ಬಳಿ ಏನಿದೆ? ಬ್ಯುಪ್ರೆನಾರ್ಫಿನ್ ಇದೆ. ದಿನಕ್ಕೊಮ್ಮೆ ನಾಲಿಗೆಯ ಕೆಳಗೆ ಇಟ್ಟು ಕರಗಿಸಿಕೊಳ್ಳುವ ಮಾತ್ರೆ. ಹೆರಾಯಿನ್ ಹೋಗಿ ಕೂರುವ ಜಾಗದಲ್ಲೇ ಅದೂ ಕೂರುತ್ತದೆ, ಆದರೆ ಒಂದು ಮಟ್ಟಕ್ಕಿಂತ ಮೇಲೆ ಅದರ ಪ್ರಭಾವ ಏರುವುದಿಲ್ಲ. ಹಾಗಾಗಿ ಯಾತನೆ ನಿಲ್ಲುತ್ತದೆ, ಅಮಲು ತಲೆಗೇರುವುದಿಲ್ಲ, ಉಸಿರು ನಿಂತುಹೋಗುವ ಅಪಾಯ ತೀರಾ ಕಡಿಮೆ. ಅಫೀಮು ಜಾತಿಯ ಔಷಧದ ಪ್ರಭಾವ ತಡೆಯುವ ನಾಲಾಕ್ಸೋನ್ ಬೆರೆಸಿದ ರೂಪದಲ್ಲಿ ಕೊಟ್ಟರೆ ಅದನ್ನು ಅರೆದು ಚುಚ್ಚಿಕೊಳ್ಳುವ ಆಸೆಯೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನೂ, ಇದೇ ಚಿಕಿತ್ಸೆಗೆ ಬಳಸುವ ಮೆಥಡೋನನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಈ ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಫ್ರಾನ್ಸ್ ದೇಶ 1990ರ ದಶಕದ ನಡುವಿನಲ್ಲಿ ಸಾಮಾನ್ಯ ವೈದ್ಯರೂ ಇದನ್ನು ಬರೆದುಕೊಡಲು ಅವಕಾಶ ಕೊಟ್ಟಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಅಲ್ಲಿನ ಅತಿಸೇವನೆಯ ಸಾವುಗಳು ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿದವು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಂಜಾಬ್ ಸರ್ಕಾರ ಹೊರರೋಗಿ ಚಿಕಿತ್ಸಾಲಯಗಳ ಮೂಲಕ ಇದೇ ಔಷಧ ಕೊಡುತ್ತಿದೆ. ಸೂಜಿ ಬಳಸುವವರಿಗಾಗಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕೇಂದ್ರಗಳಲ್ಲಿ ಇದು ಬಹಳ ವರ್ಷಗಳಿಂದ ಉಚಿತವಾಗಿ ಸಿಗುತ್ತಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಆ ಕೇಂದ್ರಗಳು ಕೆಲವು ದಿನಗಳ ಮಾತ್ರೆಯನ್ನು ಒಟ್ಟಿಗೆ ಮನೆಗೆ ಕೊಟ್ಟು ಕಳುಹಿಸಿದವು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಪರಿಣತಿಗೆ ಕೊರತೆಯಿಲ್ಲ. ಆದರೆ ಗಡಿ ತಾಲ್ಲೂಕಿನ ಗಾರೆ ಕೆಲಸದವನು ದಿನಗೂಲಿ ಬಿಟ್ಟು, ಮೈ ನಡುಗುತ್ತಿರುವಾಗ, ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಂಗಳೂರಿಗೆ ಎಷ್ಟು ಸಲ ಬರುತ್ತಾನೆ? ಒಂದು ಸಲ ಬರಬಹುದು. ಎರಡನೆಯ ಸಲಕ್ಕೆ ಊರಿನಲ್ಲೇ ಮಾತ್ರೆ ಸಿಗುತ್ತದಲ್ಲ. ಟಪೆಂಟಡಾಲನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂಬುದು ಕಾನೂನು, ಆದರೂ ಕೇಳುವ ಜಾಗದಲ್ಲಿ ಕೇಳಿದರೆ ಸಿಗುತ್ತದೆ. ಅದರಿಂದ ಬಿಡಿಸುವ ಔಷಧವಾದರೆ ಅನುಮತಿ ಪಡೆದ ಕೇಂದ್ರಗಳಲ್ಲಿ ಮಾತ್ರ. ಕಾಯಿಲೆ ತರುವುದು ಮನೆಯ ಪಕ್ಕದಲ್ಲಿ, ವಾಸಿ ಮಾಡುವುದು ಮುನ್ನೂರು ಕಿಲೋಮೀಟರ್ ಆಚೆ ಎಂಬ ಈ ಸ್ಥಿತಿಯನ್ನು ಸರಿಪಡಿಸುವುದು ತಮ್ಮ ಇಲಾಖೆಯ ಕೈಯಲ್ಲಿದೆ.

ಆಸ್ಪತ್ರೆಯಲ್ಲಿ ದಾರಿ ಕಾಣದ ಕುಟುಂಬಗಳು ಖಾಸಗಿ ‘ವ್ಯಸನಮುಕ್ತಿ ಕೇಂದ್ರ’ಗಳ ಬಾಗಿಲಿಗೆ ಹೋಗುತ್ತವೆ. ಒಳ್ಳೆಯ ಕೇಂದ್ರಗಳೂ ಇವೆ, ಅವುಗಳನ್ನು ಇಲ್ಲಿ ಸೇರಿಸುತ್ತಿಲ್ಲ. ನನಗೆ ಪರಿಚಯವಿದ್ದ ಒಂದು ಕುಟುಂಬ ಮಾಂಗಲ್ಯದ ಸರ ಅಡವಿಟ್ಟು ಮಗನನ್ನು ಇಂಥ ಒಂದು ಕಡೆ ಸೇರಿಸಿತು. ಬೀಗ ಹಾಕಿದ ಕೋಣೆ, ಫೋನ್ ಇಲ್ಲ, ಭೇಟಿ ಇಲ್ಲ, ಮೊದಲ ದಿನದಿಂದಲೇ ಎಲ್ಲ ಮಾತ್ರೆಯೂ ಬಂದ್. ಎದುರು ಮಾತಾಡಿದವರ ಕಾಲಿಗೆ ಸರಪಳಿ ಹಾಕುತ್ತಿದ್ದರೆಂದು ಹುಡುಗ ಆಮೇಲೆ ತಾಯಿಗೆ ಹೇಳಿದ್ದಾನೆ. ಮೂರು ತಿಂಗಳ ನಂತರ ಮೈ ತುಂಬಿಕೊಂಡು ಮನೆಗೆ ಬಂದ. ಮಗ ಗುಣವಾದನೆಂದು ದೇವರಿಗೆ ಕಾಯಿ ಒಡೆಸಿದರು.

ಅದೇ ವಾರ, ನನ್ನದೇ ರಾತ್ರಿ ಪಾಳಿಯಲ್ಲಿ, ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ತುಟಿ ನೀಲಿಗಟ್ಟಿತ್ತು. ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಉಸಿರು ಬಂತು, ನಿಂತಿತು, ಮತ್ತೆ ಬಂತು. ನಾಲಾಕ್ಸೋನ್ ಎಂಬ ಇಂಜೆಕ್ಷನ್ ಕೊಟ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುವ ಸಾಧ್ಯತೆ ಇತ್ತು. ಬೀರುವಿನ ಎಲ್ಲ ಖಾನೆಗಳನ್ನೂ ಹುಡುಕಿದೆವು. ಇರಲಿಲ್ಲ. ಉಸಿರು ತುಂಬುವ ಆಂಬು ಬ್ಯಾಗನ್ನು ಕೈಯಲ್ಲಿ ಒತ್ತುತ್ತಾ ಜಿಲ್ಲಾಸ್ಪತ್ರೆಗೆ ಕಳುಹಿಸಿದೆವು. ದಾರಿಯಲ್ಲೇ ಹೋದ. ತಾಯಿ ಆಮೇಲೆ ನನ್ನನ್ನು ಕೇಳಿದ್ದು ಇಷ್ಟೇ: ‘ಮೂರು ತಿಂಗಳು ಬಿಟ್ಟಿದ್ದನಲ್ಲ ಸಿಸ್ಟರ್, ಬಿಟ್ಟ ಮೇಲೆ ಹೇಗೆ ಸತ್ತ?’

ಬಿಟ್ಟಿದ್ದರಿಂದಲೇ ಸತ್ತ. ದಿನವೂ ತೆಗೆದುಕೊಳ್ಳುವಾಗ ದೇಹ ದೊಡ್ಡ ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಹೋಗುತ್ತದೆ, ಆಸೆ ಮಾತ್ರ ಹೋಗಿರುವುದಿಲ್ಲ. ಹೊರಗೆ ಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಜೈಲಿನಿಂದಲೋ ಇಂಥ ಕೇಂದ್ರದಿಂದಲೋ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದ ಕಾಲ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಔಷಧದ ಆಸರೆಯಿಲ್ಲದೆ ಬರೀ ಬೀಗ ಹಾಕಿ ಬಿಡಿಸಿ ಮನೆಗೆ ಕಳುಹಿಸುವುದು ಚಿಕಿತ್ಸೆಯಲ್ಲ, ರೋಗಿಯನ್ನು ಸಾವಿನ ಹತ್ತಿರ ತಂದು ಬಿಡುವುದು. ಆ ತಾಯಿಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಕೇಂದ್ರದವರು ಹೇಳಬೇಕಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಇಂಥ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ನೋಂದಣಿಯಾಗಿರಬೇಕು. ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎಂದು 95ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ರೋಗಿಯ ಗುಟ್ಟು ಕಾಪಾಡಬೇಕೆಂದು 23ನೇ ಕಲಂ ಹೇಳುತ್ತದೆ, ಅಂದರೆ ಚೀಟಿಯ ಮೇಲಿನ ಆ ಕೆಂಪು ಶಾಯಿಯೂ ತಪ್ಪೇ. ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಡಿ ಸೇವನೆಗೆ ಶಿಕ್ಷೆಯಿದೆ ನಿಜ, ಆದರೆ ತಾನಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ ಅದೇ ಕಾಯ್ದೆಯ 64-ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. 2017ರದ್ದೇ ಆದ ಎಚ್‌ಐವಿ ಕಾಯ್ದೆಯ 22ನೇ ಕಲಂ ಸೋಂಕಿನ ಅಪಾಯ ತಗ್ಗಿಸಲು ಶುದ್ಧ ಸೂಜಿ ಕೊಡುವುದನ್ನೂ ಬದಲಿ ಔಷಧ ಕೊಡುವುದನ್ನೂ ಅಪರಾಧವಲ್ಲವೆಂದು ಕಾಪಾಡುತ್ತದೆ. ಇಷ್ಟೆಲ್ಲ ಇದ್ದೂ, ನಾನು ಮಾತಾಡಿಸಿದ ಹುಡುಗರಲ್ಲಿ ಯಾರಿಗೂ ಈ ರಕ್ಷಣೆಗಳ ಸುಳಿವೇ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪೊಲೀಸರು ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಮರುದಿನ ಪತ್ರಿಕೆಯಲ್ಲಿ ಹೆಸರು ಬರುತ್ತದೆ ಎಂಬುದಷ್ಟೇ. ಹಾಗಾಗಿ ಬಾವು ಕೀವಾಗಿ, ಕೀವು ರಕ್ತಕ್ಕೇರಿ, ಜ್ವರದಲ್ಲಿ ಬಡಬಡಿಸುವವರೆಗೂ ಅವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

‘ಒಂದು ಅಮಲಿನ ಬದಲು ಇನ್ನೊಂದು ಅಮಲು ಕೊಟ್ಟಂತಾಗುವುದಿಲ್ಲವೇ?’ ಎಂದು ತಮ್ಮ ಅಧಿಕಾರಿಗಳೇ ಕೇಳಬಹುದು. ನನ್ನ ಸಹೋದ್ಯೋಗಿಗಳೂ ಕೇಳಿದ್ದಾರೆ. ಆ ಗಾರೆ ಕೆಲಸದವನು ಕೊನೆಗೆ ಅಣ್ಣನ ಆಸರೆಯಲ್ಲಿ ನಗರಕ್ಕೆ ಹೋಗಿ ಈ ಚಿಕಿತ್ಸೆ ಹಿಡಿದ. ನಡುವೆ ಎರಡು ಸಲ ಜಾರಿದ, ವೈದ್ಯರು ಬಾಗಿಲು ಮುಚ್ಚಲಿಲ್ಲ. ಈಗ ಬೆಳಿಗ್ಗೆ ಮಾತ್ರೆ ನಾಲಿಗೆಯಡಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾನೆ, ಸಂಬಳದ ಹಣ ಮನೆಗೆ ಬರುತ್ತದೆ, ತೋಳಿನ ಗಾಯ ಒಣಗಿದೆ. ಎಷ್ಟು ವರ್ಷ ತೆಗೆದುಕೊಳ್ಳಬೇಕೆಂದು ಅವನೂ ವೈದ್ಯರೂ ಕೂಡಿ ತೀರ್ಮಾನಿಸುತ್ತಾರೆ. ಇದನ್ನು ಅಮಲು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಶುದ್ಧ ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎನ್ನುವವರಿಗೂ ಇದನ್ನೇ ಹೇಳುತ್ತೇನೆ: ಸೂಜಿ ಕೊಡದಿದ್ದರೆ ಅವನು ಚುಚ್ಚಿಕೊಳ್ಳುವುದನ್ನು ನಿಲ್ಲಿಸುವುದಿಲ್ಲ, ಪಕ್ಕದವನ ಸೂಜಿಯನ್ನು ಬಳಸುತ್ತಾನೆ. ಎಚ್‌ಐವಿ, ಹೆಪಟೈಟಿಸ್ ಸಿ ಮನೆಗೆ ಬರುವುದು ಆ ದಾರಿಯಲ್ಲೇ. ಸೂಜಿ ಕೊಡುವ ನೆಪದಲ್ಲಾದರೂ ಅವನು ಆರೋಗ್ಯ ಕಾರ್ಯಕರ್ತರೊಬ್ಬರ ಎದುರು ಕೂರುತ್ತಾನೆ, ಮಾತು ಶುರುವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಮಂಗಳವಾರದ್ದು. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮ ರಾಜ್ಯದ ಹೆಮ್ಮೆ. ಅದಕ್ಕಾಗಿ ಕಾಯುವ ಸಾಲನ್ನು ನಾನು ನೋಡಿದ್ದೇನೆ. ಅದೇ ಮಂಗಳವಾರ, ಅದೇ ಕೋಣೆಯಲ್ಲಿ ಬ್ಯುಪ್ರೆನಾರ್ಫಿನ್ ಚಿಕಿತ್ಸೆ ಆರಂಭಿಸಲು ಬೇಕಾದ ಅನುಮತಿ, ದಾಸ್ತಾನು, ತರಬೇತಿಗಳನ್ನು ಒದಗಿಸಿ. ಉಳಿದ ದಿನಗಳಲ್ಲಿ ಮಾತ್ರೆ ಕೊಟ್ಟು ವಹಿಯಲ್ಲಿ ಬರೆದಿಡುವ ಕೆಲಸವನ್ನು ಶುಶ್ರೂಷಾಧಿಕಾರಿಗಳು ಮಾಡಬಲ್ಲರು. ಕ್ಷಯದ ಮಾತ್ರೆಯನ್ನು ಎದುರಿಗೇ ನುಂಗಿಸಿ ಲೆಕ್ಕ ಇಟ್ಟವರು ನಾವು, ಇದು ನಮಗೆ ಹೊಸದಲ್ಲ. ಮಾತ್ರೆ ಕಾಳಸಂತೆಗೆ ಸೋರದಂತೆ ನೋಡಿಕೊಳ್ಳುವುದು ಬೇಕೇ ಬೇಕು. ಆದರೆ ಸೋರಿಕೆಯ ಭಯಕ್ಕೆ ಔಷಧವನ್ನೇ ಬೀಗದೊಳಗೆ ಇಡಬೇಡಿ. ನಡುವೆ ಜಾರಿದವರನ್ನು ಪಟ್ಟಿಯಿಂದ ಹೊಡೆದುಹಾಕಬಾರದೆಂಬ ಆದೇಶವೂ ಜೊತೆಗಿರಲಿ.

ನಾಲಾಕ್ಸೋನ್ ಪ್ರತಿ ತುರ್ತು ವಿಭಾಗದಲ್ಲೂ, ಪ್ರತಿ 108 ಆಂಬುಲೆನ್ಸಿನಲ್ಲೂ ಇರಲೇಬೇಕು. ಮುಗಿದ ದಿನವೇ ಮತ್ತೆ ತುಂಬಿಸುವ ಹೊಣೆ ಯಾರದ್ದೆಂದು ಹೆಸರಿಸಿ. ಅದರ ಪ್ರಭಾವ ಒಂದು ಗಂಟೆಯ ಆಸುಪಾಸು ಇಳಿದುಹೋಗುವುದರಿಂದ ಕಣ್ಣು ತೆರೆದ ಕೂಡಲೇ ರೋಗಿಯನ್ನು ಮನೆಗೆ ಕಳುಹಿಸಬಾರದೆಂದು ಸಿಬ್ಬಂದಿಗೆ ಕಲಿಸಿ. ಅತಿಸೇವನೆಯನ್ನು ಕಣ್ಣಾರೆ ನೋಡುವ ಸಂಭವವಿರುವ ಮನೆಯವರಿಗೂ ಗೆಳೆಯರಿಗೂ ಈ ಔಷಧ ಸಿಗುವಂತಾಗಬೇಕು, ಬಳಸುವ ಬಗೆ ತಿಳಿದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಅದನ್ನು ನಮ್ಮಲ್ಲೂ ಒಂದೆರಡು ಜಿಲ್ಲೆಗಳಿಂದ ಆರಂಭಿಸಬಹುದು.

ಖಾಸಗಿ ಕೇಂದ್ರಗಳ ವಿಷಯದಲ್ಲಿ, ನೋಂದಣಿಯಾದವುಗಳ ಪಟ್ಟಿಯನ್ನು ಜಿಲ್ಲಾವಾರು, ಕನ್ನಡದಲ್ಲಿ, ಪ್ರತಿ ಆಸ್ಪತ್ರೆಯ ಗೋಡೆಯ ಮೇಲೆ ಹಾಕಿಸಿ. ಮುನ್ಸೂಚನೆಯಿಲ್ಲದೆ ತಪಾಸಣೆ ನಡೆಯಲಿ. ಅಲ್ಲಿಂದ ಹೊರಡುವ ಪ್ರತಿಯೊಬ್ಬನ ಮನೆಯವರಿಗೂ ಒಗ್ಗಿಕೆ ಹೋಗಿರುವ ಅಪಾಯವನ್ನು ತಿಳಿಸಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಜೋಡಿಸುವುದು ಕಡ್ಡಾಯವಾಗಲಿ. ಗೃಹ ಸಚಿವರೊಂದಿಗೆ ಮಾತಾಡಿ, ಚಿಕಿತ್ಸೆಗೆ ಬಂದವರನ್ನು ಆಸ್ಪತ್ರೆಯ ಆವರಣದಲ್ಲಿ ಹಿಡಿಯಬಾರದು, 64-ಎ ಕಲಮನ್ನು ಠಾಣೆಯಲ್ಲೇ ತಿಳಿಸಿ ಹೇಳಬೇಕು ಎಂಬ ಸುತ್ತೋಲೆಯನ್ನು ಎರಡೂ ಇಲಾಖೆಗಳು ಸೇರಿ ಹೊರಡಿಸಿ. ಪ್ರತಿ ವರ್ಷ ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಶಾಲೆಯ ಮಕ್ಕಳ ಕೈಗೆ ತಲೆಬುರುಡೆಯ ಚಿತ್ರ ಕೊಟ್ಟು ಮೆರವಣಿಗೆ ಮಾಡಿಸುತ್ತೇವೆ. ಆ ಮೆರವಣಿಗೆಯನ್ನು ರಸ್ತೆ ಬದಿಯಲ್ಲಿ ನಿಂತು ನೋಡುವ ರೋಗಿಗೆ, ಅವನ ತಂಗಿಗೆ ಏನನ್ನಿಸುತ್ತದೆಂದು ಯೋಚಿಸಿ. ಮುಂದಿನ ವರ್ಷ ಆ ಫಲಕಗಳ ಮೇಲೆ ಚಿಕಿತ್ಸೆ ಎಲ್ಲಿ ಸಿಗುತ್ತದೆಂಬ ವಿಳಾಸವನ್ನೂ, ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಸಂಖ್ಯೆಗಳನ್ನೂ ಬರೆಸಿ.

ಇನ್ನೊಂದು ಎಚ್ಚರಿಕೆಯ ಮಾತು. ಅಫೀಮು ಜಾತಿಯ ಔಷಧಗಳ ದುರ್ಬಳಕೆ ಸುದ್ದಿಯಾದಾಗಲೆಲ್ಲ ಅದರ ಪೆಟ್ಟು ಕ್ಯಾನ್ಸರ್ ರೋಗಿಗಳಿಗೆ ಬೀಳುತ್ತದೆ. ಮಾರ್ಫಿನ್ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಆ ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದದ್ದು. ನೋವಿನಲ್ಲಿ ಕೂಗುತ್ತಾ ಸತ್ತವರನ್ನೂ ನಾನು ನೋಡಿದ್ದೇನೆ. ಈ ಪತ್ರವನ್ನು ಆಧಾರವಾಗಿಟ್ಟುಕೊಂಡು ಯಾರಾದರೂ ಅವರ ಔಷಧಕ್ಕೆ ಹೊಸ ಬೇಲಿ ಹಾಕುವುದಾದರೆ, ಅದು ನನ್ನ ಕೋರಿಕೆಗೆ ನೇರ ವಿರುದ್ಧ.

ಈ ಪತ್ರಕ್ಕೆ ಸ್ವೀಕೃತಿ ಪತ್ರ ಬೇಡ. ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳಿನಿಂದ ಈ ಚಿಕಿತ್ಸೆ ಆರಂಭವಾಗುತ್ತದೆಂಬ ಆದೇಶದ ಪ್ರತಿಯನ್ನು ಇಲಾಖೆ ಬಹಿರಂಗವಾಗಿ ಪ್ರಕಟಿಸಲಿ. ತರಬೇತಿಗೆ ಅನುಭವಸ್ಥ ಶುಶ್ರೂಷಾಧಿಕಾರಿಗಳು ಬೇಕೆಂದಾದರೆ ನಾನು ಸಂಬಳ, ಭತ್ಯೆ ಇಲ್ಲದೆ ಯಾವ ಜಿಲ್ಲೆಗಾದರೂ ಬರಲು ಸಿದ್ಧಳಿದ್ದೇನೆ. ನಿವೃತ್ತರಾದ ಇನ್ನೂ ಕೆಲವು ಸಹೋದ್ಯೋಗಿಗಳು ಇದೇ ಮಾತು ಹೇಳಿದ್ದಾರೆ.

ಗೌರವಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ